ಗದ್ದ ಇಳಿದಾಗ ಸಿಗುವ ಸ್ವರ: ಶಕುಹಾಚಿಯಲ್ಲಿ ಬ್ಲೂಸ್

ಹೋದ ತಿಂಗಳು ನನ್ನ ಬಳಿ ಶಕುಹಾಚಿ ಎಂಬ ಜಪಾನಿನ ಬಿದಿರು ಕೊಳಲು ಕಲಿಯುವ ವಿದ್ಯಾರ್ಥಿಯೊಬ್ಬ ಪಾಠಕ್ಕೆ ಬರುವಾಗ ಗಿಟಾರ್ ನುಡಿಸುವ ಗೆಳೆಯನನ್ನೂ ಕರೆದುಕೊಂಡು ಬಂದ. "ಸರ್, ಶಕುಹಾಚಿಯ ಐದು ತೂತಿನಲ್ಲೇ ಬ್ಲೂಸ್ ಇದೆ ಅಂತ ನೀವೇ ಹೇಳಿದ್ರಲ್ಲ, ಇವತ್ತು ನುಡಿಸಿ ನೋಡೋಣ" ಅಂದ. ಬ್ಲೂಸ್ ಅಂದರೆ ಅಮೆರಿಕದ ಕಪ್ಪು ಜನರಲ್ಲಿ ಹುಟ್ಟಿದ ಹಾಡಿನ ಶೈಲಿ. ಗೆಳೆಯ ಹನ್ನೆರಡು ಬಾರ್‌ನ (ಒಂದು ಬಾರ್ ಅಂದರೆ ನಾಲ್ಕು ಏಟಿನ ಅಳತೆ) ನಿಧಾನದ ಬ್ಲೂಸ್ ಶುರು ಮಾಡಿದ. ಇವನು ಊದಿದ. ಒಂದು ಸ್ವರವೂ ತಪ್ಪಲಿಲ್ಲ. ಆದರೆ ಬ್ಲೂಸ್ ಬರಲಿಲ್ಲ. ಅದರಲ್ಲೂ ಪಂಚಮದ ಕೆಳಗಿನ ಆ ಒಂದು ಸ್ವರ ಬಂದಾಗಲೆಲ್ಲ ಕೊಳಲು ಮಾಯವಾಗಿ, ಬರೀ ಗಿಟಾರ್ ಕೇಳಿಸುತ್ತಿತ್ತು.

ಈ ತೊಂದರೆ ಅವನೊಬ್ಬನದಲ್ಲ. ಶಕುಹಾಚಿ ಹಿಡಿದು ಬ್ಲೂಸ್‌ಗೆ ಕೈ ಹಾಕಿದ ಪ್ರತಿಯೊಬ್ಬರಿಗೂ ಎದುರಾಗುತ್ತದೆ, ನನಗೂ ಆಗಿತ್ತು. ಅದಕ್ಕೇ ಸ್ವಲ್ಪ ಬಿಡಿಸಿ ಬರೆಯುತ್ತಿದ್ದೇನೆ.

ಮೊದಲು ವಾದ್ಯದ ಬಗ್ಗೆ. ಶಕುಹಾಚಿ ಅಡ್ಡ ಹಿಡಿಯುವ ಕೊಳಲಲ್ಲ. ಬಿದಿರಿನ ಬುಡದ ಭಾಗ, ಬೇರಿನ ಗಂಟುಗಳ ಸಮೇತ ಕತ್ತರಿಸಿ ಮಾಡಿದ್ದು. ಮುಂದೆ ನೇರವಾಗಿ ಹಿಡಿದು ಮೇಲಿನ ತುದಿಯಲ್ಲಿ ಊದಬೇಕು. ಅಲ್ಲಿ ಓರೆಯಾಗಿ ಕೊಯ್ದ ಒಂದು ಅಂಚು ಇರುತ್ತದೆ. ಜಪಾನಿಗಳು ಅದನ್ನು ಉತಗುಚಿ ಅನ್ನುತ್ತಾರೆ, ಅಂದರೆ ಹಾಡುವ ಬಾಯಿ. ಖಾಲಿ ಬಾಟಲಿಯ ಬಾಯಿಗೆ ಊದಿ ಸದ್ದು ಮಾಡುತ್ತೀವಲ್ಲ, ಅದೇ ತತ್ವ. ಮುಂದೆ ನಾಲ್ಕು ತೂತು, ಹಿಂದೆ ಹೆಬ್ಬೆರಳಿಗೆ ಒಂದು. ಅಷ್ಟೇ. ಹೆಸರೂ ಅಳತೆಯಿಂದಲೇ ಬಂದದ್ದು. ಶಕು, ಸುನ್ ಜಪಾನಿನ ಹಳೆಯ ಉದ್ದದ ಅಳತೆಗಳು. ಒಂದು ಶಕು ಎಂಟು ಸುನ್, ಅಂದರೆ ಸುಮಾರು 54.5 ಸೆಂಟಿಮೀಟರ್. ಹಾಚಿ ಅಂದರೆ ಎಂಟು.

ಈ ಅಳತೆಯ ಕೊಳಲಿನಲ್ಲಿ ಎಲ್ಲ ತೂತು ಮುಚ್ಚಿದರೆ ವೆಸ್ಟರ್ನ್ ಲೆಕ್ಕದ ಡಿ ಬರುತ್ತದೆ. ಅದನ್ನು 'ರೊ' ಅನ್ನುತ್ತಾರೆ. ಅದನ್ನೇ ನಮ್ಮ ಷಡ್ಜ ಅಂತ ಇಟ್ಟುಕೊಂಡು ಕೆಳಗಿನಿಂದ ಒಂದೊಂದೇ ತೂತು ಬಿಡುತ್ತಾ ಹೋಗಿ. ಸಾಧಾರಣ ಗಾಂಧಾರ, ಶುದ್ಧ ಮಧ್ಯಮ, ಪಂಚಮ, ಕೈಶಿಕಿ ನಿಷಾದ, ಮೇಲಿನ ಷಡ್ಜ. ಕರ್ನಾಟಕ ಸಂಗೀತ ಕಲಿತವರಿಗೆ ತಕ್ಷಣ ಹೊಳೆಯುತ್ತದೆ: ಇದು ಶುದ್ಧ ಧನ್ಯಾಸಿಯ ಸ್ವರಗಳು. ಗಿಟಾರಿನವರು ಇದನ್ನೇ ಮೈನರ್ ಪೆಂಟಟಾನಿಕ್ ಅನ್ನುತ್ತಾರೆ. ಇದಕ್ಕೆ ಪಂಚಮದ ಕೆಳಗಿನ ಪ್ರತಿಮಧ್ಯಮ ಒಂದನ್ನು ಸೇರಿಸಿದರೆ ಬ್ಲೂಸ್ ಸ್ಕೇಲ್ ಸಿದ್ಧ. ನಾನು ಹೇಳಿದ್ದು ಸುಳ್ಳಲ್ಲ. ಆದರೆ ಇಷ್ಟು ಹೇಳಿ ಸುಮ್ಮನಾಗಿದ್ದು ತಪ್ಪು.

ಯಾಕೆಂದರೆ ಬ್ಲೂಸ್ ಇರುವುದು ಸ್ವರಗಳ ಮಧ್ಯದ ಜಾಗದಲ್ಲಿ. 1903ರ ಸುಮಾರಿಗೆ ಮಿಸಿಸಿಪಿಯ ಟಟ್‌ವೈಲರ್ ಎಂಬ ಊರಿನ ರೈಲ್ವೆ ಸ್ಟೇಷನ್ನಿನಲ್ಲಿ ಡಬ್ಲ್ಯು.ಸಿ. ಹ್ಯಾಂಡಿ ಎಂಬ ಸಂಗೀತಗಾರ ಒಬ್ಬ ಕಪ್ಪು ಗಿಟಾರ್‌ವಾದಕನನ್ನು ಕೇಳಿದರು. ಆತ ತಂತಿಯ ಮೇಲೆ ಚಾಕು ಒತ್ತಿ ಜಾರಿಸಿ ನುಡಿಸುತ್ತಿದ್ದ. ಫ್ರೆಟ್ಟಿನ ಗೆರೆಗಳಿಗೆ ಸಿಗದ ಸ್ವರ ಅವನಿಗೆ ಬೇಕಿತ್ತು. ಹೊಲದಲ್ಲಿ ದುಡಿಯುವಾಗ ಗಂಟಲಿನಿಂದ ಬರುತ್ತಿದ್ದ ಕೂಗಿನಲ್ಲಿ ಆ ಸ್ವರ ಇತ್ತು, ಅದನ್ನು ತಂತಿಯ ಮೇಲೆ ತರಲು ಚಾಕು ಬೇಕಾಯಿತು. ಹಾರ್ಮೋನಿಕಾದವರು ಅದನ್ನೇ ಬಾಯೊಳಗೆ ನಾಲಿಗೆ ಹಿಂದೆ ಎಳೆದು ಮಾಡುತ್ತಾರೆ. ಶಕುಹಾಚಿಯಲ್ಲಿ ಆ ಕೆಲಸ ಗದ್ದದ್ದು.

ಗದ್ದ ಇಳಿಸಿದರೆ ತುಟಿ ಅಂಚಿಗೆ ಹತ್ತಿರ ಬರುತ್ತದೆ, ಬಾಯಿಯ ತೆರಪು ಕಿರಿದಾಗುತ್ತದೆ, ಸ್ವರ ಇಳಿಯುತ್ತದೆ. ಇದು ಮೆರಿ. ಗದ್ದ ಎತ್ತಿದರೆ ತೆರಪು ದೊಡ್ಡದಾಗಿ ಸ್ವರ ಏರುತ್ತದೆ. ಇದು ಕರಿ. ಮೆರಿಯಲ್ಲಿ ಒಂದು ಪೂರ್ತಿ ಸ್ವರದಷ್ಟು ಇಳಿಸಬಹುದು, ಕರಿಯಲ್ಲಿ ಅಷ್ಟು ಸಿಗುವುದಿಲ್ಲ. ಬೆರಳು ಅಲ್ಲಾಡಿಸದೆ ಬರೀ ಕತ್ತಿನಿಂದ ಗಮಕ ತೆಗೆದ ಹಾಗೆ. 'ಕತ್ತು ಆಡಿಸಲು ಮೂರು ವರ್ಷ, ಕೊರೊ ಎಂಟು ವರ್ಷ' ಅಂತ ಜಪಾನಿನಲ್ಲಿ ಗಾದೆಯೇ ಇದೆ. ಕೊರೊ ಅಂದರೆ ಬೆರಳುಗಳನ್ನು ಅದಲುಬದಲು ಆಡಿಸಿ ಪಾರಿವಾಳ ಗುಟುರು ಹಾಕಿದಂತೆ ತರುವ ಸದ್ದು. ಬ್ಲೂಸ್‌ಗೆ ಅದು ಬೇಡ. ಕತ್ತು ಬೇಕು.

ಈಗ ನನ್ನ ವಿದ್ಯಾರ್ಥಿಯ ಕಷ್ಟಕ್ಕೆ ಬರುತ್ತೇನೆ. ಪಂಚಮದಿಂದ ಗದ್ದ ಇಳಿಸಿದರೆ ಪ್ರತಿಮಧ್ಯಮ ಬರುತ್ತದೆ. ಆದರೆ ಮೆರಿಯ ಸ್ವರ ಯಾವಾಗಲೂ ಮೆತ್ತಗೆ, ಮಬ್ಬು. ತುಟಿ ಬಾಯಿಯನ್ನು ಅರ್ಧ ಮುಚ್ಚಿಬಿಟ್ಟಿರುತ್ತದಲ್ಲ, ಸದ್ದು ಎಲ್ಲಿಂದ ಬರಬೇಕು? ಹೊಂಕ್ಯೊಕು ಎಂಬ ಹಳೆಯ ಏಕವಾದ್ಯ ರಚನೆಗಳಲ್ಲಿ ಇದೇ ಚೆಲುವು. ಅವು ಕೊಮುಸೊ ಸನ್ಯಾಸಿಗಳ ಸಂಗೀತ. ತಲೆಯ ಮೇಲೆ ಮುಖ ಪೂರ್ತಿ ಮುಚ್ಚುವ ಹುಲ್ಲಿನ ಬುಟ್ಟಿ ಹಾಕಿಕೊಂಡು, ಶಕುಹಾಚಿ ಊದುತ್ತಾ ಭಿಕ್ಷೆಗೆ ಹೋಗುತ್ತಿದ್ದವರು ಅವರು. ಅವರ ಫುಕೆ ಪಂಥವನ್ನು ಜಪಾನಿನ ಮೇಜಿ ಸರ್ಕಾರ 1871ರಲ್ಲಿ ರದ್ದು ಮಾಡಿತು. 18ನೇ ಶತಮಾನದಲ್ಲಿ ಕುರೊಸಾವಾ ಕಿಂಕೊ ಎಂಬ ಕೊಮುಸೊ ಊರೂರು ಸುತ್ತಿ ಇಂಥ ರಚನೆಗಳನ್ನು ಕೂಡಿಸಿದ್ದರಿಂದ ಇವತ್ತಿಗೂ 36 ರಚನೆಗಳ ಪಾಠ ನಮಗೆ ಉಳಿದಿದೆ. ಅಲ್ಲಿ ಮೆರಿ ಅಂದರೆ ನೆರಳು, ಕರಿ ಅಂದರೆ ಬಿಸಿಲು. ನೆರಳು ಮೆತ್ತಗಿರಲೇಬೇಕು.

ಬ್ಲೂಸ್‌ನಲ್ಲಿ ಇದು ತಲೆಕೆಳಗು. ಅಲ್ಲಿ ಬಾಗಿದ ಸ್ವರವೇ ಕೂಗು. ಹಾಡುವವರು ತಮ್ಮ ಅಷ್ಟೂ ನೋವನ್ನು ಇಡುವುದು ಅಲ್ಲಿ. ಅದನ್ನು ನೀವು ಪಿಸುಗುಟ್ಟಿದರೆ ಹಾಡು ಅಲ್ಲಿಗೇ ಸತ್ತುಹೋಗುತ್ತದೆ. ಒಂದೇ ಚಲನೆ, ಎರಡು ಸಂಗೀತಗಳಲ್ಲಿ ಎರಡು ಅರ್ಥ. ಸ್ವರಪಟ್ಟಿ ಹೊಂದುತ್ತದೆ ಅಂತ ಖುಷಿಪಡುವ ಮೊದಲು ಇದನ್ನು ತಿಳಿದುಕೊಳ್ಳಬೇಕು.

ನಾನು ಮಾಡಿಸುವುದು ಹೀಗೆ. ಪ್ರತಿಮಧ್ಯಮದ ಮೇಲೆ ನೇರವಾಗಿ ಇಳಿಯಬೇಡಿ. ಮೊದಲು ಪಂಚಮವನ್ನು ಗಟ್ಟಿಯಾಗಿ ಹೊಡೆಯಿರಿ, ಗದ್ದ ಸ್ವಲ್ಪ ಮೇಲೆಯೇ ಇರಲಿ. ಸದ್ದು ತುಂಬಿ ನಿಂತ ಮೇಲೆ, ಅದೇ ಉಸಿರಿನಲ್ಲಿ ಗದ್ದವನ್ನು ಎದೆಯ ಕಡೆಗೆ ತನ್ನಿ. ಎಲ್ಲರೂ ತಪ್ಪುವುದು ಇಲ್ಲೇ. ಗದ್ದ ಇಳಿಯುವಾಗ ಉಸಿರೂ ಜೊತೆಗೆ ಇಳಿದುಬಿಡುತ್ತದೆ, ನಮಗೆ ಗೊತ್ತೇ ಆಗುವುದಿಲ್ಲ. ಹೊಟ್ಟೆಯ ಮೇಲೆ ಒಂದು ಕೈ ಇಟ್ಟುಕೊಂಡು ನೋಡಿ. ಗದ್ದ ಕೆಳಗೆ ಹೋಗುತ್ತಿದ್ದಂತೆ ಹೊಟ್ಟೆಯಿಂದ ಒತ್ತು ಜಾಸ್ತಿ ಆಗಬೇಕು, ತುಟಿಯ ಸೀಳು ಇನ್ನೂ ಸಣ್ಣದಾಗಬೇಕು. ಜೊತೆಗೆ ಕೆಳಗಿನಿಂದ ಮೂರನೇ ತೂತನ್ನು ಬೆರಳಿನ ಅಂಚಿನಿಂದ ಸ್ವಲ್ಪ ಮುಚ್ಚಿ. ಅರ್ಧ ಕೆಲಸ ಬೆರಳು ಮಾಡಿದರೆ ಗದ್ದ ಅಷ್ಟೊಂದು ಇಳಿಯಬೇಕಾಗಿಲ್ಲ, ಸದ್ದೂ ಉಳಿಯುತ್ತದೆ. ಹೊಂಕ್ಯೊಕು ಕಲಿಸುವ ಗುರುಗಳು ಇಷ್ಟು ಗಟ್ಟಿಯಾದ ಮೆರಿಯನ್ನು ಒಪ್ಪಲಾರರು. ಅವರ ಪಾಠದ ಕೋಣೆಯಲ್ಲಿ ಅವರು ಹೇಳುವುದೇ ಸರಿ. ಎರಡೂ ಅಭ್ಯಾಸವನ್ನು ಬೇರೆಬೇರೆ ಹೊತ್ತಿನಲ್ಲಿ ಮಾಡಿ, ಬೆರೆಸಬೇಡಿ.

ಮುರಾಇಕಿ ಅಂತ ಇನ್ನೊಂದಿದೆ. ಉಸಿರನ್ನು ಸಿಡಿಸಿ, ಸ್ವರಕ್ಕಿಂತ ಗಾಳಿಯೇ ಹೆಚ್ಚು ಕೇಳುವಂತೆ ಊದುವುದು. ಬ್ಲೂಸ್ ಹಾಡುಗಾರರ ಗೊಗ್ಗರು ದನಿಗೆ ಇದಕ್ಕಿಂತ ಹತ್ತಿರದ ಸದ್ದು ಯಾವ ಕೊಳಲಿನಲ್ಲೂ ನನಗೆ ಸಿಕ್ಕಿಲ್ಲ. ಆದರೆ ಹನ್ನೆರಡು ಬಾರ್‌ಗೆ ಒಂದು ಸಲ, ಅಬ್ಬಬ್ಬಾ ಅಂದರೆ ಎರಡು ಸಲ. ಹೊಸಬರು ಪ್ರತಿ ಸ್ವರಕ್ಕೂ ಇದನ್ನು ಹಾಕುತ್ತಾರೆ, ಆಮೇಲೆ ಯಾವುದಕ್ಕೂ ಬೆಲೆ ಇರುವುದಿಲ್ಲ.

ಗಾಂಧಾರದ ಕಥೆ ಬೇರೆ. ನನಗೆ ಇಡೀ ವಿಷಯದಲ್ಲಿ ಅತ್ಯಂತ ಇಷ್ಟವಾದ ಭಾಗ ಇದು. ಬ್ಲೂಸ್‌ನ ಗಾಂಧಾರ ಸಾಧಾರಣವೂ ಅಲ್ಲ, ಅಂತರವೂ ಅಲ್ಲ, ಎರಡರ ನಡುವೆ ಎಲ್ಲೋ ಇರುತ್ತದೆ. ಗಿಟಾರ್ ಷಡ್ಜದ ಕಾರ್ಡ್‌ನಲ್ಲಿದ್ದಾಗ (ಕಾರ್ಡ್ ಅಂದರೆ ಒಟ್ಟಿಗೆ ನುಡಿಸುವ ಸ್ವರಗಳ ಗುಂಪು) ಆ ಕಾರ್ಡ್ ಒಳಗೆ ಅಂತರ ಗಾಂಧಾರ ಇರುತ್ತದೆ. ನಮ್ಮ ಕೊಳಲಿನ ಮೊದಲ ತೂತು ಕೊಡುವುದು ಸಾಧಾರಣ ಗಾಂಧಾರ. ಆಗ ಗದ್ದವನ್ನು ಸ್ವಲ್ಪ ಎತ್ತಿ. ಸ್ವರ ಮೇಲಿನ ಗಾಂಧಾರದ ಕಡೆಗೆ ವಾಲುತ್ತದೆ, ಪೂರ್ತಿ ತಲುಪುವುದಿಲ್ಲ. ಆ ತಲುಪದೇ ಇರುವುದೇ ಬೇಕಾದದ್ದು. ಐದನೇ ಬಾರ್‌ನಲ್ಲಿ ಗಿಟಾರ್ ಮಧ್ಯಮದ ಕಾರ್ಡ್‌ಗೆ ಹೋಗುತ್ತದೆ. ಅದರ ಏಳನೇ ಸ್ವರ ಸಾಧಾರಣ ಗಾಂಧಾರವೇ. ಈಗ ಗದ್ದ ಮೊದಲಿದ್ದ ಜಾಗಕ್ಕೆ ತಂದು ಸುಮ್ನೆ ನಿಲ್ಲಿಸಿ. ಅದೇ ತೂತು, ಅದೇ ಬೆರಳು, ಕೂದಲೆಳೆಯಷ್ಟು ಗದ್ದದ ವ್ಯತ್ಯಾಸ. ಕಾರ್ಡ್ ಬದಲಾಗಿದ್ದು ಕೇಳುವವರಿಗೆ ಕೊಳಲಿನಿಂದಲೇ ಗೊತ್ತಾಗುತ್ತದೆ. ಪುಣ್ಯಕ್ಕೆ ಇಲ್ಲಿ ಸ್ವರ ಮೇಲಕ್ಕೆ ಬಾಗುವುದರಿಂದ ಸದ್ದಿನ ಚಿಂತೆ ಇಲ್ಲ. ಕರಿ ಯಾವಾಗಲೂ ಗಟ್ಟಿ.

ಲಯದ ವಿಷಯ. ಹೊಂಕ್ಯೊಕುನಲ್ಲಿ ತಾಳ ಇಲ್ಲ, ಉಸಿರೇ ಅಳತೆ. ಬ್ಲೂಸ್‌ನ ಶಫಲ್ ಎಂಬ ನಡೆಗೆ ಕಾಲು ತಟ್ಟಲೇಬೇಕು. ನಮ್ಮವರಿಗೆ ಹೇಳಿಕೊಡುವುದು ಸುಲಭ: ತಿಶ್ರ ನಡೆ. ಪ್ರತಿ ಏಟಿಗೆ 'ತಕಿಟ' ಅನ್ನಿ, ಮಧ್ಯದ 'ಕಿ' ನುಂಗಿ. ತ–ಟ, ತ–ಟ, ತ–ಟ. ಅದೇ ಶಫಲ್. ಇನ್ನೊಂದು ಅನುಕೂಲ ಇದೆ. ಶಕುಹಾಚಿಯ ಸಂಪ್ರದಾಯದಲ್ಲಿ ಒಂದೇ ಸ್ವರವನ್ನು ಮತ್ತೆ ಹೇಳಲು 'ತು ತು' ಅಂತ ನಾಲಿಗೆ ಹಾಕುವುದಿಲ್ಲ, ಬೆರಳಿನಿಂದ ತೂತನ್ನು ಪಟ್ ಅಂತ ತಟ್ಟುತ್ತಾರೆ. ಅದನ್ನು ಅತಾರಿ ಅನ್ನುತ್ತಾರೆ. ಶಫಲ್‌ನ ಆ 'ಟ' ಮೇಲೆ ಅತಾರಿ ಬಿದ್ದರೆ ಬಿದಿರಿಗೇ ಡ್ರಮ್ ಕಟ್ಟಿದ ಹಾಗಿರುತ್ತದೆ.

ಇನ್ನು ಶ್ರುತಿ. ಗಿಟಾರಿನವರಿಗೆ ಇ ಮತ್ತು ಎ ಶ್ರುತಿ ಕೈಗೆ ಹತ್ತಿರ, ನಮ್ಮದು ಡಿ. ಅವರು ಐದನೇ ಫ್ರೆಟ್‌ಗೆ ಕೇಪೊ (ಎಲ್ಲ ತಂತಿಗಳನ್ನು ಒಟ್ಟಿಗೆ ಒತ್ತಿ ಹಿಡಿಯುವ ಕ್ಲಿಪ್ಪು) ಹಾಕಿ ಎ ಶೇಪ್ ನುಡಿಸಿದರೆ ಸಮಸ್ಯೆ ಮುಗಿಯಿತು. ಇಲ್ಲದಿದ್ದರೆ ನೀವು ಇ ಶ್ರುತಿಯ 1.6 (ಒಂದು ಶಕು ಆರು ಸುನ್) ಕೊಳಲು ಹಿಡಿಯಬೇಕು, ಅಥವಾ ಎ ಶ್ರುತಿಯ 2.4. ಎರಡನೆಯದು ಮುಕ್ಕಾಲು ಮೀಟರ್‌ಗೆ ಹತ್ತಿರ ಇರುತ್ತದೆ, ಬೆರಳು ಚಾಚಿ ಚಾಚಿ ನೋವು ಬರುತ್ತದೆ. ಆದರೆ ಅದರ ರೊ ಸ್ವರ ಊದಿದಾಗ ಎದೆಯೊಳಗೇ ಗುಂಯ್ ಅನ್ನುತ್ತದೆ. ಮೈಕ್ ಇಡುವುದಾದರೆ ಉತಗುಚಿಯ ಹತ್ತಿರ ಇಡಿಸಿ. ಕೊಳಲಿನ ಕೆಳ ತುದಿಗೆ ಮೈಕ್ ಹಿಡಿದರೆ ನಿಮ್ಮ ಉಸಿರಿನ ಗೊಗ್ಗರು ಅರ್ಧ ಕಳೆದುಹೋಗುತ್ತದೆ. ಹಾಗೇ ಎಸಿ ಹಾಲ್‌ನಲ್ಲಿ ಕೊಳಲನ್ನು ಚೀಲದಿಂದ ಹೊರಗೆ ಬಿಡಬೇಡಿ. ಒಣ ಗಾಳಿಗೆ ಬಿದಿರು ಟಪ್ ಅಂತ ಸೀಳುತ್ತದೆ. ಕಾರ್ಯಕ್ರಮಕ್ಕೆ ಹತ್ತು ನಿಮಿಷ ಇರುವಾಗ ಆ ಸದ್ದು ಕೇಳಿದವನು ನಾನು.

ಈ ದಾರಿ ಹೊಸದೇನಲ್ಲ. ಹೊಝಾನ್ ಯಮಮೊತೊ 1967ರಲ್ಲೇ ಜಪಾನಿನ ಬಿಗ್ ಬ್ಯಾಂಡ್ ಜೊತೆ ಅಮೆರಿಕದ ನ್ಯೂಪೋರ್ಟ್ ಜಾಝ್ ಉತ್ಸವದಲ್ಲಿ ಶಕುಹಾಚಿ ನುಡಿಸಿದ್ದರು. ಮುಂದೆ 2002ರಲ್ಲಿ ಅವರಿಗೆ 'ಜೀವಂತ ರಾಷ್ಟ್ರೀಯ ಸಂಪತ್ತು' ಎಂಬ ಗೌರವ ಸಿಕ್ಕಿತು. ಜಾಝ್ ನುಡಿಸಿದ್ದರಿಂದ ಅವರ ಸಂಪ್ರದಾಯ ಕೆಡಲಿಲ್ಲ. ಮಿನೊರು ಮುರಾಒಕಾ ಕೂಡ ಅದೇ ಕಾಲದಲ್ಲಿ ಜಾಝ್ ಕಡೆ ಬಂದವರು. ಇಂಗ್ಲೆಂಡಿನ ರಾಕ್ ಗಾಯಕ ಪೀಟರ್ ಗೇಬ್ರಿಯಲ್ ಅವರ 1986ರ 'ಸ್ಲೆಡ್ಜ್‌ಹ್ಯಾಮರ್' ಹಾಡಿನ ಶುರುವಿನಲ್ಲಿ ಬರುವ ಕೊಳಲು ನಿಮಗೆ ನೆನಪಿರಬಹುದು. ಅದು ಕೀಬೋರ್ಡ್ ಸ್ಯಾಂಪ್ಲರ್‌ನಲ್ಲಿದ್ದ ಶಕುಹಾಚಿಯ ಸದ್ದು. ಚೆನ್ನಾಗಿದೆ. ಆದರೆ ಕೀಲಿ ಒತ್ತಿದರೆ ರೆಕಾರ್ಡ್ ಆದದ್ದಷ್ಟೇ ಬರುತ್ತದೆ, ಅಲ್ವಾ? ಗಿಟಾರ್ ಕಾರ್ಡ್ ಬದಲಿಸಿದ ಕ್ಷಣದಲ್ಲಿ ಬಾಗುವ ಗದ್ದ ಅದಕ್ಕಿಲ್ಲ.

ಕೊನೆಯದಾಗಿ, ಯಾವಾಗ ಊದಬೇಕು ಅನ್ನುವುದು. ಹನ್ನೆರಡು ಬಾರ್ ಅಂದರೆ ನಾಲ್ಕು ನಾಲ್ಕು ಬಾರ್‌ನ ಮೂರು ಸಾಲು. ಹಾಡುವವರು ಒಂದು ಸಾಲು ಹೇಳುತ್ತಾರೆ, ಅದನ್ನೇ ಮತ್ತೆ ಹೇಳುತ್ತಾರೆ, ಮೂರನೆಯದರಲ್ಲಿ ಉತ್ತರ ಕೊಡುತ್ತಾರೆ. ಪ್ರತಿ ಸಾಲಿನಲ್ಲೂ ಮಾತು ತುಂಬುವುದು ಹೆಚ್ಚು ಕಡಿಮೆ ಮೊದಲ ಎರಡು ಬಾರ್. ಉಳಿದೆರಡು ಬಾರ್ ವಾದ್ಯಕ್ಕೆ ಬಿಟ್ಟ ಜಾಗ. ನಿಮಿಷಕ್ಕೆ 60 ಏಟಿನ ನಿಧಾನದ ಬ್ಲೂಸ್‌ನಲ್ಲಿ ಎರಡು ಬಾರ್ ಅಂದರೆ ಎಂಟು ಸೆಕೆಂಡ್. ಶಕುಹಾಚಿಯ ಒಂದು ತುಂಬು ಉಸಿರು! ಹೊಂಕ್ಯೊಕುನಲ್ಲಿ ಒಂದು ಉಸಿರಿಗೆ ಒಂದು ಮಾತು ಅಂತ ಕಲಿತವರಿಗೆ ಈ ಎಂಟು ಸೆಕೆಂಡ್ ಮನೆಯಿದ್ದ ಹಾಗೆ. ಹಾಡಿನ ಮೇಲೆ ಊದಬೇಡಿ. ಕಾಯಿರಿ, ಉಸಿರು ತುಂಬಿಕೊಳ್ಳಿ, ನಿಮ್ಮ ಜಾಗ ಬಂದಾಗ ಒಂದೇ ಮಾತು ಹೇಳಿ ನಿಲ್ಲಿಸಿ.

ನನ್ನ ವಿದ್ಯಾರ್ಥಿಗೆ ಮೂರು ವಾರ ಬೇರೇನೂ ಕೊಡಲಿಲ್ಲ. ದಿನಾ ಹತ್ತು ನಿಮಿಷ ಬರೀ ರೊ ಊದುವುದು, ಆಮೇಲೆ ಪಂಚಮದಿಂದ ಗದ್ದ ಇಳಿಸುವುದು, ಇಷ್ಟೇ. ಮೊನ್ನೆ ಶನಿವಾರ ಗೆಳೆಯ ಮತ್ತೆ ಗಿಟಾರ್ ತಂದಿದ್ದ. ಈ ಸಲ ಅವನೇ ಮೆಲ್ಲಗೆ ಹಾಡುತ್ತಲೂ ಇದ್ದ. ಮೊದಲ ಸಾಲು ಮುಗಿಯಿತು. ಇವನು ಕಾದ. ಪಂಚಮ ಹಿಡಿದು ಗದ್ದ ಎದೆಗೆ ತಂದ. ಸ್ವರ ಬಾಗಿತು, ಮಸುಕಾಗಲಿಲ್ಲ, ಗಿಟಾರಿನ ಮೇಲೆ ನಿಂತಿತು. ಎರಡನೇ ಸಾಲಿನಲ್ಲಿ ಗೆಳೆಯ ತನ್ನ ಹಾಡಿನ ಕೊನೆಯ ಪದವನ್ನು ಅದೇ ಥರ ಬಾಗಿಸಿ ಹಾಡಿದ.