ಓದಿದ್ದು ಪರೀಕ್ಷೆಯಲ್ಲಿ ನೆನಪಾಗದಿರುವುದೇಕೆ?

ಕನ್ನಡ ಮಾಧ್ಯಮದಲ್ಲಿ ಪಿಯುಸಿ ಮುಗಿಸಿ ಬಿ.ಕಾಂ. ಸೇರಿದವರಿಗೆ ‘ಸವಕಳಿ’, ಅಂದರೆ ಬಳಸುತ್ತ ಹೋದಂತೆ ವಸ್ತುವಿನ ಬೆಲೆ ಇಳಿಯುವುದು, ಹೊಸದೇನಲ್ಲ. ಒಂದು ಲಕ್ಷ ರೂಪಾಯಿಯ ಯಂತ್ರಕ್ಕೆ ಪ್ರತಿವರ್ಷ ಉಳಿದ ಬೆಲೆಯ ಮೇಲೆ ಶೇ 10ರಷ್ಟು ಕಳೆದರೆ ಎರಡು ವರ್ಷಕ್ಕೆ ಉಳಿಯುವುದು 81,000 ರೂಪಾಯಿ ಎಂದು ಥಟ್ಟನೆ ಹೇಳುತ್ತಾರೆ. ಅದೇ ಲೆಕ್ಕ ಕಾಲೇಜಿನ ಪಾಠದಲ್ಲಿ ಇಂಗ್ಲಿಷ್‌ನಲ್ಲಿ ‘ಡೆಪ್ರಿಸಿಯೇಶನ್’, ‘ರಿಟನ್ ಡೌನ್ ವ್ಯಾಲ್ಯೂ’ ಎಂದು ಬಂದಾಗ, ಓ ಇದು ಸವಕಳಿ ಎಂದು ಹೊಳೆಯುವಷ್ಟರಲ್ಲಿ ಬೋರ್ಡಿನ ಮೇಲೆ ಮೂರು ಸಾಲು ಮುಂದೆ ಹೋಗಿರುತ್ತದೆ.

ಹುಡುಗರು ಇದನ್ನು ತಮ್ಮ ದಡ್ಡತನವೆಂದುಕೊಂಡು ಕೊರಗುತ್ತಾರೆ. ಅದು ತಪ್ಪು. ಆ ಕ್ಷಣಕ್ಕೆ ಬೇಕಾದ್ದನ್ನು ಹಿಡಿದಿಟ್ಟುಕೊಳ್ಳುವ ಮಿದುಳಿನ ‘ಕಾರ್ಯ ಸ್ಮೃತಿ’ಯಲ್ಲಿ ಒಮ್ಮೆಗೆ ಸುಮಾರು ನಾಲ್ಕು ಸಂಗತಿಗಳು ಮಾತ್ರ ಹಿಡಿಸುತ್ತವೆ. ಅನುವಾದಕ್ಕೆ ಒಂದಿಷ್ಟು ಜಾಗ ಹೋಯಿತು. ‘ಈ ಸಲವೂ ಬ್ಯಾಕ್‌ಲಾಗ್ ಉಳಿದರೆ ಮನೆಯಲ್ಲಿ ಏನು ಹೇಳಲಿ’ ಎಂಬ ಚಿಂತೆ ಕೂರುವುದೂ ಅಲ್ಲೇ. ಲೆಕ್ಕಕ್ಕೆ ಉಳಿಯುವುದೆಷ್ಟು? ಸಾಲದ್ದಕ್ಕೆ, ಒತ್ತಡದಲ್ಲಿ ಏರುವ ಕಾರ್ಟಿಸಾಲ್ ಹಾರ್ಮೋನು ಕಲಿತದ್ದನ್ನು ನೆನಪಿನಿಂದ ಹೊರತೆಗೆಯಲು ಅಡ್ಡಿ ಮಾಡುತ್ತದೆ.

ಓದುವ ರೀತಿಯೂ ಒತ್ತಡ ಹೆಚ್ಚಿಸುತ್ತದೆ, ಅದು ಬೇಗ ಗಮನಕ್ಕೆ ಬರುವುದಿಲ್ಲ. 2006ರಲ್ಲಿ ಪ್ರಕಟವಾದ ಅಧ್ಯಯನವೊಂದರಲ್ಲಿ ಮನೋವಿಜ್ಞಾನಿಗಳಾದ ರೋಡಿಗರ್ ಮತ್ತು ಕಾರ್ಪಿಕ್ ಅಮೆರಿಕದ ಕಾಲೇಜು ವಿದ್ಯಾರ್ಥಿಗಳ ಮೇಲೆ ಪ್ರಯೋಗ ನಡೆಸಿದರು. ಒಂದು ಗುಂಪು ಪಾಠವನ್ನು ನಾಲ್ಕು ಅವಧಿ ಓದಿತು. ಇನ್ನೊಂದು ಗುಂಪು ಒಂದು ಅವಧಿ ಓದಿ, ಮೂರು ಅವಧಿ ನೋಡದೆ ಬರೆಯಿತು. ಐದು ನಿಮಿಷದ ನಂತರ ಓದಿದವರದ್ದೇ ಮೇಲುಗೈ. ವಾರ ಕಳೆದಾಗ ಅವರಿಗೆ ಉಳಿದದ್ದು ಶೇ 40ರಷ್ಟು, ಬರೆದವರಿಗೆ ಶೇ 61ರಷ್ಟು. ಹಿಂದಿನ ರಾತ್ರಿ ನೋಟ್ಸ್ ತಿರುವಿದಾಗ ‘ಎಲ್ಲಾ ಗೊತ್ತು’ ಎನ್ನಿಸಿ, ಪ್ರಶ್ನೆಪತ್ರಿಕೆ ಕೈಗೆ ಬಂದಾಗ ಎದೆ ಧಸಕ್ಕೆನ್ನುವುದು ಇದಕ್ಕೇ. ನಿದ್ದೆಗೆಟ್ಟರೆ ಇನ್ನೂ ನಷ್ಟ, ಏಕೆಂದರೆ ಕಲಿತದ್ದು ಗಟ್ಟಿಯಾಗುವುದು ನಿದ್ದೆಯಲ್ಲಿ.

ಸೆಮಿಸ್ಟರಿನ ಮೊದಲ ವಾರದಿಂದಲೇ ಒಂದು ಪುಸ್ತಕದಲ್ಲಿ ಎಡಕ್ಕೆ ಇಂಗ್ಲಿಷ್ ಪದ, ಬಲಕ್ಕೆ ಕನ್ನಡ ಪದ, ಕೆಳಗೆ ಒಂದು ಸಾಲಿನ ಉದಾಹರಣೆ ಬರೆಯಿರಿ. ದಿನಕ್ಕೆ ಐದು ಪದ ಸಾಕು. ಸಂಜೆ ಬಲಭಾಗ ಮುಚ್ಚಿ ಹೇಳಿ ನೋಡಿ, ತಪ್ಪಿದ್ದಕ್ಕೆ ಗುರುತು ಹಾಕಿ, ಮೂರು ದಿನ ಬಿಟ್ಟು ಅಷ್ಟನ್ನೇ ಮತ್ತೆ ಕೇಳಿಕೊಳ್ಳಿ. ಪದ ಪರಿಚಿತವಾದಂತೆ ಅನುವಾದಕ್ಕೆ ಹೋಗುತ್ತಿದ್ದ ಜಾಗ ಲೆಕ್ಕಕ್ಕೆ ಸಿಗುತ್ತದೆ.

ನಿದ್ದೆ, ಊಟ ಎರಡೂ ತಪ್ಪಿ ಎರಡು ವಾರ ದಾಟಿದ್ದರೆ ಪದಪಟ್ಟಿ ಬದಿಗಿಡಿ. ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್‌ನ 14416ಕ್ಕೆ ಹಗಲು ರಾತ್ರಿ ಯಾವಾಗ ಬೇಕಾದರೂ ಉಚಿತವಾಗಿ ಕರೆ ಮಾಡಬಹುದು, ಕನ್ನಡದಲ್ಲೇ ಮಾತಾಡಬಹುದು.