ಐವತ್ತು ಕುರ್ಚಿ ಕೊಟ್ಟರೆ ಅದು ಸಹಯೋಗವಲ್ಲ

ಕಳೆದ ತಿಂಗಳು ನಮ್ಮ ಗ್ರಂಥಾಲಯಕ್ಕೆ ಒಂದು ಆಮಂತ್ರಣ ಪತ್ರಿಕೆ ಬಂತು. ಕೇರಳದ ಗಡಿಜಿಲ್ಲೆ ಕಾಸರಗೋಡಿನ ಬದಿಯಡ್ಕದ ಕಡೆಯ ಒಂದು ಸೇವಾ ಸಂಸ್ಥೆ ನಡೆಸುವ ಆರೋಗ್ಯ ಶಿಬಿರ. ಬಿಡಿಸಿ ನೋಡಿದರೆ ‘ಸಹಯೋಗದೊಂದಿಗೆ’ ಎಂಬುದರ ಕೆಳಗೆ ಹನ್ನೊಂದು ಹೆಸರು, ಏಳನೆಯದು ನಮ್ಮದು. ಗ್ರಂಥಾಲಯದ ಕಾರ್ಯದರ್ಶಿ ನಾನೇ. ಶಿಬಿರ ಉಂಟೆಂದು ನನಗೆ ಗೊತ್ತಾದದ್ದೇ ಆ ಕಾಗದದಿಂದ. ಮರುದಿನ ಪಿಕಪ್ ಬಂದು ನಮ್ಮ ಐವತ್ತು ಪ್ಲಾಸ್ಟಿಕ್ ಕುರ್ಚಿಗಳನ್ನು ಹೇರಿಕೊಂಡು ಹೋದಾಗ ನಮ್ಮ ಸಹಯೋಗ ಯಾವುದೆಂಬುದೂ ತಿಳಿಯಿತು. ನಲವತ್ತೆಂಟು ವಾಪಸು ಬಂದವು.

ನಮ್ಮೂರ ಆಮಂತ್ರಣಗಳಲ್ಲಿ ಈ ಪದಗಳೆಲ್ಲ ಒಂದು ಏಣಿಯ ಮೆಟ್ಟಿಲುಗಳು. ದುಡ್ಡು ಹಾಕಿದವರು ‘ಆಶ್ರಯ’. ಹೆಸರು ಬಿಟ್ಟರೆ ಮುನಿಸಿಕೊಳ್ಳುವವರು ‘ಸಹಯೋಗ’. ಊಟ ಬಡಿಸುವ ಹುಡುಗರು ‘ಸಹಕಾರ’. ಮಲಯಾಳದ ಕರಡನ್ನು ಕನ್ನಡ ಮಾಡಿದ್ದಾದರೆ ‘ಸಂಯುಕ್ತ ಆಭಿಮುಖ್ಯದಲ್ಲಿ’ ಎಂಬುದೊಂದು ಮೇಲಿಂದ. ಅರ್ಥ ಯಾರಿಗೂ ಬೇಡ, ಅಕ್ಷರದ ಗಾತ್ರ ಸರಿಯಿದ್ದರೆ ಸಾಕು.

ಸಹಯೋಗದಲ್ಲಿರುವ ಯೋಗ ಚಾಪೆಯ ಮೇಲೆ ಮಾಡುವ ಯೋಗವಲ್ಲ, ಜಾತಕದ ಯೋಗವೂ ಅಲ್ಲ. ಆದರೆ ಮೂರಕ್ಕೂ ತಾಯಿ ಒಂದೇ, ‘ಯುಜ್’ ಧಾತು: ಕೂಡಿಸು, ಹೂಡು. ಅದೇ ಬಳ್ಳಿಯ ‘ಯುಗ’ ಶಬ್ದಕ್ಕೆ ಕಾಲಮಾನ ಮಾತ್ರವಲ್ಲ, ನೊಗ ಎಂಬ ಅರ್ಥವೂ ಉಂಟು, ಜೋಡಿ ಎಂಬ ಅರ್ಥವೂ ಉಂಟು. ಅಂದರೆ ಸಹಯೋಗವೆಂದರೆ ಒಂದೇ ನೊಗಕ್ಕೆ ಕುತ್ತಿಗೆ ಕೊಡುವುದು. ಪೈವಳಿಕೆಯ ಕಂಬಳ ನೋಡಿದವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಒಂದು ಕೋಣ ಕರೆಯಲ್ಲಿ, ಅಂದರೆ ಕೆಸರಿನ ಓಟದ ಕಣದಲ್ಲಿ, ಓಡುತ್ತಿರುವಾಗ ಇನ್ನೊಂದು ಬದಿಯಲ್ಲಿ ನಿಂತು ‘ನನ್ನ ಸಂಪೂರ್ಣ ಬೆಂಬಲ ಉಂಟು’ ಎನ್ನಲಾಗುವುದಿಲ್ಲ. ಸಂಯುಕ್ತದಲ್ಲಿರುವ ‘ಯುಕ್ತ’ವೂ ಇದೇ ಧಾತುವಿನದು. ಅಷ್ಟೇ ಏಕೆ, ‘ಯೋಜನೆ’ಯೂ ಇದರ ಮಗುವೇ. ಹಾಗಾಗಿ ಯೋಜನೆ ಹಾಕುವಾಗ ಕರೆಯದೆ ಕಾರ್ಡು ಅಚ್ಚು ಹಾಕುವಾಗ ಮಾತ್ರ ನೆನಪಾದವರನ್ನು ಸಹಯೋಗಿಗಳೆಂದು ಕರೆಯುವುದು ವ್ಯಾಕರಣಕ್ಕೇ ಮಾಡುವ ಅಪಚಾರ.

ಸಹಕಾರದ ಧಾತು ‘ಕೃ’, ಮಾಡು. ಜೊತೆಗಿದ್ದು ಮಾಡುವುದು. (ಸಂಸ್ಕೃತದ ಕವಿಗಳಿಗೆ ಸಹಕಾರವೆಂದರೆ ಘಮಘಮಿಸುವ ಮಾವಿನ ಮರವೂ ಹೌದು. ಯಾವ ಸೊಸೈಟಿಯೂ ಇದನ್ನು ತನ್ನ ಲಾಂಛನಕ್ಕೆ ಬಳಸಿದ್ದನ್ನು ನಾನು ಕಂಡಿಲ್ಲ, ಬಳಸಬಹುದಿತ್ತು.) ತರ್ಕಶಾಸ್ತ್ರದಲ್ಲಿ ‘ಸಹಕಾರಿ ಕಾರಣ’ ಎಂಬ ಮಾತಿದೆ. ಮಡಕೆಗೆ ಮಣ್ಣು ಬೇಕು, ಕುಂಬಾರ ಬೇಕು. ಚಕ್ರ, ಕೋಲು ಇತ್ಯಾದಿಗಳು ಸಹಕಾರಿ. ಅವಿಲ್ಲದೆ ಮಡಕೆಯಾಗದು. ಆದರೆ ಮಡಕೆ ಯಾವ ಆಕಾರದಲ್ಲಿರಬೇಕೆಂದು ಚಕ್ರವನ್ನು ಯಾರೂ ಕೇಳುವುದಿಲ್ಲ. ನಮ್ಮ ಐವತ್ತು ಕುರ್ಚಿಗಳ ಜಾಗ ಇಲ್ಲಿ, ಚಕ್ರದ ಪಕ್ಕದಲ್ಲಿ. ಇದರಲ್ಲಿ ಕೀಳೇನೂ ಇಲ್ಲ. ಮಲೆನಾಡಿನ ಮುಯ್ಯಾಳು ಪದ್ಧತಿಯೂ ಹೀಗೇ: ಇವತ್ತು ನಿಮ್ಮ ಗದ್ದೆಗೆ ನಾನು, ನಾಳೆ ನನ್ನ ಗದ್ದೆಗೆ ನೀವು. ಯಾವ ದಿನ ನೋಡಿದರೂ ಕೆಲಸಕ್ಕೆ ಒಬ್ಬ ಯಜಮಾನನಿದ್ದಾನೆ. ಅದು ಉತ್ತಮ ಸಹಕಾರ, ಸಹಯೋಗವಲ್ಲ.

ಗೊಂದಲ ಹುಟ್ಟಿದ್ದೆಲ್ಲಿ? ನನ್ನ ಅನುಮಾನ ಹಿಂದಿಯ ಮೇಲೆ. ಹಿಂದಿಯಲ್ಲಿ ಸಹಯೋಗ ಎಂದರೆ ಬರಿಯ ನೆರವೂ ಆಗುತ್ತದೆ; ಚಂದಾ ಹಣವೂ ‘ಸಹಯೋಗ ರಾಶಿ’. 1920ರ ಗಾಂಧೀಜಿಯ ಚಳವಳಿ ಹಿಂದಿಯವರಿಗೆ ‘ಅಸಹಯೋಗ’, ನಮಗೆ ‘ಅಸಹಕಾರ’, ನಮ್ಮ ನೆರೆಮನೆಯ ಮಲಯಾಳಿಗಳಿಗೆ ‘ನಿಸ್ಸಹಕರಣ’. ಕಾಸರಗೋಡಿನ ಮಕ್ಕಳ ಕಿವಿಗೆ ಈ ಮೂರೂ ಬೀಳುತ್ತವೆ. ದೊಡ್ಡವರಾಗಿ ಅವರು ಸಂಘ ಕಟ್ಟಿ ಕಾರ್ಡು ಮಾಡಿಸುವಾಗ ಕೈಗೆ ಸಿಕ್ಕ ಪದ ಹಾಕುತ್ತಾರೆ. ಇನ್ನು ಪೇಟೆಯಲ್ಲಿ ಚರಂಡಿ ಅಗೆದು ನಿಲ್ಲಿಸುವ ‘ಕಾಮಗಾರಿ ನಡೆಯುತ್ತಿದೆ, ಸಹಕರಿಸಿ’ ಎಂಬ ಬೋರ್ಡು. ಅಲ್ಲಿ ಸಹಕರಿಸುವುದೆಂದರೆ ಸಹಿಸುವುದು. ಧೂಳು ಕುಡಿಯುವವನನ್ನು ಯಾರ ಜೊತೆ ಏನು ಮಾಡೆಂದು ಕೇಳುತ್ತಿದ್ದಾರೋ ನನಗೆ ಇನ್ನೂ ಹೊಳೆದಿಲ್ಲ.

ತಮಾಷೆಯೆಂದರೆ ನಿಜವಾಗಿ ನೊಗ ಹೊತ್ತವರು ಸಹಕಾರ ಎಂಬ ಹೆಸರಿನಲ್ಲೇ ಇದ್ದಾರೆ. 1904ರಲ್ಲಿ ಸಹಕಾರ ಸಂಘಗಳ ಕಾಯ್ದೆ ಬಂದು ಮರುವರ್ಷ ಗದಗದ ಕಣಗಿನಹಾಳದಲ್ಲಿ ಸಂಘ ಹುಟ್ಟಿದ ಮೇಲೆ ಕನ್ನಡದಲ್ಲಿ ಆ ಪದ ಭದ್ರವಾಗಿ ಕೂತುಬಿಟ್ಟಿತು, ಈಗ ಅಲುಗಿಸುವುದು ಬೇಡ. ಅಡಿಕೆಯ ಬೆಲೆ ನೆಲಕಚ್ಚಿದ ಕಾಲದಲ್ಲಿ, 1973ರಲ್ಲಿ, ವಾರಣಾಶಿ ಸುಬ್ರಾಯ ಭಟ್ಟರ ಮುಂದಾಳುತನದಲ್ಲಿ ಅಡಿಕೆ ಬೆಳೆಗಾರರ ಸಹಕಾರ ಸಂಘ ಕ್ಯಾಂಪ್ಕೊ ಶುರುವಾಯಿತು. 1956ರಲ್ಲಿ ಎಳೆದ ಗಡಿಯ ಈಚೆಯವರೂ ಆಚೆಯವರೂ ಅದರ ಸದಸ್ಯರು, ಕರ್ನಾಟಕ ಕೇರಳ ಎರಡೂ ಸರಕಾರಗಳು ಅದಕ್ಕೆ ಕೈಜೋಡಿಸಿದವು. ತಲಪಾಡಿಯಿಂದ ಚೆಂಗಳದವರೆಗಿನ ಷಟ್ಪಥ ಹೆದ್ದಾರಿಯ ಗುತ್ತಿಗೆ ಹಿಡಿದ ಊರಾಳುಂಗಲ್ ಕೂಡ 1925ರಲ್ಲಿ ಸಮಾಜ ಸುಧಾರಕ ವಾಗ್ಭಟಾನಂದರ ಪ್ರೇರಣೆಯಿಂದ ಕೂಲಿಯಾಳುಗಳೇ ಕಟ್ಟಿಕೊಂಡ ಸಹಕಾರ ಸಂಘ. ಬೋರ್ಡಿನಲ್ಲಿ ಸಹಕಾರ, ಒಳಗೆ ಸಹಯೋಗ. ನಮ್ಮ ಆಮಂತ್ರಣ ಪತ್ರಿಕೆಗಳದ್ದು ಇದರ ತಲೆಕೆಳಗು.

ಯಾವ ಪದವೂ ಬೇಡದ ಸಹಯೋಗ ನೋಡಬೇಕಾದರೆ ನಮ್ಮ ಜಿಲ್ಲೆಯದೇ ಏತಡ್ಕಕ್ಕೆ ಹೋಗಬೇಕು. ಮಳೆಗಾಲ ಮುಗಿದು ತೋಡಿನ, ಅಂದರೆ ಸಣ್ಣ ಹಳ್ಳದ, ಹರಿವು ಸಣ್ಣದಾಗುವ ಹೊತ್ತಿಗೆ, ಡಿಸೆಂಬರ್ ಜನವರಿಯಲ್ಲಿ, ಅಲ್ಲಿನ ಅಡಿಕೆ ತೋಟದವರು ತೋಡಿಗೆ ಅಡ್ಡವಾಗಿ ಕಟ್ಟ ಕಟ್ಟುತ್ತಾರೆ. ಕಲ್ಲು, ಮಣ್ಣು, ಈಚೆಗೆ ಪ್ಲಾಸ್ಟಿಕ್ ಹಾಳೆ. ಒಂದಲ್ಲ, ತೋಡಿನುದ್ದಕ್ಕೆ ಸಾಲಾಗಿ. ಫಲ ಪಡೆಯುವವರು ಖರ್ಚು ಹಂಚಿಕೊಳ್ಳುತ್ತಾರೆ. ನೀರು ನಿಂತರೆ ಬಾವಿ ಏರುತ್ತದೆ, ಪಾಲು ಹಾಕದವರ ಬಾವಿಯೂ ಏರುತ್ತದೆ. ಬೇಗ ಕಟ್ಟಿದರೆ ಅಕಾಲದ ಮಳೆಗೆ ಕೊಚ್ಚಿಹೋಗುವ ಭಯ, ತಡ ಮಾಡಿದರೆ ಹಿಡಿಯಲು ನೀರೇ ಇಲ್ಲ. ಆದ್ದರಿಂದ ದಿನ ಗೊತ್ತು ಮಾಡುವುದೇ ದೊಡ್ಡ ಕೆಲಸ. ಹೋದ ವರ್ಷ ಎಲ್ಲಿ ಸೋರಿತು, ಯಾವ ಬದಿಯ ಮಣ್ಣು ನಿಲ್ಲಲಿಲ್ಲ ಎಂಬ ಮಾತೆಲ್ಲ ಆಗ ಹೊರಬೀಳಬೇಕು. ಇಂಥ ಒಂದು ಕಟ್ಟದ ಹತ್ತಿರ ನಾನೊಮ್ಮೆ ಪ್ಯಾಂಟು ಒದ್ದೆಯಾಗದಂತೆ ನಿಂತು, ‘ನನ್ನದೂ ಒಂದು ಐನೂರು ಇರಲಿ’ ಎಂದು ಪರ್ಸ್ ತೆಗೆದಿದ್ದೆ. ಸೊಂಟದವರೆಗೆ ನೀರಿನಲ್ಲಿದ್ದ ಹಿರಿಯರೊಬ್ಬರು ತಲೆಯೆತ್ತದೆ ಹೇಳಿದರು: “ಪೈಸೆ ಕೊಟ್ಟರೆ ಸಾಲ ಭಾವ, ತೋಡಿಂಗೆ ಇಳಿಯೆಕ್ಕು.” (ದುಡ್ಡು ಕೊಟ್ಟರೆ ಸಾಲದು ಭಾವ, ತೋಡಿಗೆ ಇಳಿಯಬೇಕು.)

ಸೇವಾಸಂಸ್ಥೆಗಳ ವರದಿಗಳಲ್ಲಿ ಈಗ ಇನ್ನೆರಡು ಮಾತು ಚಾಲ್ತಿ: ‘ಕಾರ್ಯತಂತ್ರ’ ಮತ್ತು ‘ಕಲಿಕೆಯ ಹಂಚಿಕೆ’. ಮೊದಲನೆಯದರ ಬಗ್ಗೆ ಹೆಚ್ಚು ಹೇಳುವುದಿಲ್ಲ. ಯಾವುದನ್ನು ಮಾಡುವುದಿಲ್ಲ ಎಂದು ಬರೆಯದ ಕಾರ್ಯತಂತ್ರ ಬರಿಯ ಆಸೆಪಟ್ಟಿ. ಎರಡನೆಯದು ಮಾತ್ರ ಸಹಯೋಗದ ಒರೆಗಲ್ಲು. ಫೋಟೋ, ಹಾಜರಿ ಲೆಕ್ಕ, ಗಣ್ಯರ ಮಾತು ಹಂಚುವುದಕ್ಕೆ ನೊಗ ಬೇಕಾಗಿಲ್ಲ. ಶಿಬಿರಕ್ಕೆ ಬಂದ ಸಕ್ಕರೆ ಕಾಯಿಲೆಯವರಲ್ಲಿ ಎಷ್ಟು ಮಂದಿ ಮತ್ತೆ ಆಸ್ಪತ್ರೆಯ ಮೆಟ್ಟಿಲು ಹತ್ತಲಿಲ್ಲ, ಯಾಕೆ ಹತ್ತಲಿಲ್ಲ, ಮಲಯಾಳದ ಚೀಟಿ ಕೈಯಲ್ಲಿ ಹಿಡಿದು ಎಷ್ಟು ಮಂದಿ ಅಜ್ಜಿಯಂದಿರು ಓದಲಾಗದೆ ಮನೆಗೆ ಹೋದರು ಎಂಬುದನ್ನು ಹನ್ನೊಂದು ಸಂಸ್ಥೆಯವರೂ ಕೂತು ಮಾತಾಡಿದ್ದರೆ ಅದನ್ನು ಸಹಯೋಗವೆಂದು ನಾನೇ ಬರೆದುಕೊಡುತ್ತಿದ್ದೆ. ಕನ್ನಡದಲ್ಲಿ ಚೀಟಿ ಬರೆದುಕೊಡುವ ಕೆಲಸಕ್ಕೆ ನಮ್ಮ ಗ್ರಂಥಾಲಯದಲ್ಲಿ ನಾಲ್ಕು ಜನ ಸಿಗುತ್ತಿದ್ದರು. ಯಾರೂ ಕೇಳಲಿಲ್ಲ. ಕುರ್ಚಿ ಕೇಳಿದರು.

ಮೊನ್ನೆ ಅದೇ ಸಂಸ್ಥೆಯ ಹುಡುಗ ಮುಂದಿನ ಕಾರ್ಯಕ್ರಮದ ಕರಡು ತಂದಿದ್ದ. ಈ ಸಲ ‘ವಿಶೇಷ ಸಹಯೋಗ’. ನಾನು ಪೆನ್ನು ತೆಗೆದು ನಮ್ಮ ಹೆಸರನ್ನು ‘ಸಹಕಾರ’ದ ಕೆಳಕ್ಕೆ ಬಾಣ ಹಾಕಿ ಇಳಿಸಿದೆ. ಅವನ ಮುಖ ಸಣ್ಣದಾಯಿತು. “ಊಟದ ಕಮಿಟಿಯ ಒಟ್ಟಿಗೆ ಹಾಕುವುದಾ ಮಾಷ್ಟ್ರೆ?” ಎಂದ.