ಗೋಡೆ ನಮ್ಮದು, ಫ್ಲೆಕ್ಸ್ ಯಾರದ್ದು?

ನಾಲ್ಕು ಸರ್ವೆ ಮರ, ಒಂದು ಸುತ್ತು ಬೈಂಡಿಂಗ್ ವೈರ್, ಹತ್ತಡಿ ಫ್ಲೆಕ್ಸ್. ರಾತ್ರಿ ಅರ್ಧ ಗಂಟೆಯ ಕೆಲಸ ಅಷ್ಟೆ. ಬೆಳಿಗ್ಗೆ ಹಾಲು ತರಲು ಹೊರಟ ಮನೆಯವರು ನೋಡಿದರೆ, ತಮ್ಮ ಕಾಂಪೌಂಡಿನ ಮೇಲೆ ನಾಯಕರೊಬ್ಬರು ಕೈಮುಗಿದು ನಿಂತಿರುತ್ತಾರೆ. ಕೆಳಗೆ ಪಾಸ್‌ಪೋರ್ಟ್ ಸೈಜಿನಲ್ಲಿ ಇಪ್ಪತ್ತು ಮರಿ ನಾಯಕರು. ಮನೆಯವರನ್ನು ಒಂದು ಮಾತೂ ಕೇಳಿರುವುದಿಲ್ಲ. ಕಿತ್ತು ಹಾಕೋಣ ಅಂದರೆ ಧೈರ್ಯ ಸಾಲದು. ಕಟ್ಟಿದ ಹುಡುಗರೇ ನಾಳೆ ಬೀದಿಯಲ್ಲಿ ಎದುರಾಗಬೇಕಲ್ಲ.

ಫ್ಲೆಕ್ಸ್ ಬರುವ ಮೊದಲೂ ಈ ಕಾಟ ಇತ್ತು. ಆಗ ಮೊದಲು ಸುಣ್ಣ ಬಳಿದವರದ್ದೇ ಗೋಡೆ. 70ರ ದಶಕದ ಮೊದಲ ಭಾಗದಲ್ಲಿ ಇಂದಿರಾ ಕಾಂಗ್ರೆಸ್ಸಿನ ಚಿಹ್ನೆ ಹಸು-ಕರು, 1977ರಲ್ಲಿ ಜನತಾ ಪಕ್ಷದ ಚಕ್ರದೊಳಗೆ ನೇಗಿಲು ಹೊತ್ತ ರೈತ. ಮನೆಯವರು ಯಾರಿಗೆ ವೋಟು ಹಾಕುತ್ತಾರೋ, ಗೋಡೆ ಮಾತ್ರ ಮೊದಲೇ ಒಂದು ಪಕ್ಷ ಸೇರಿಬಿಡುತ್ತಿತ್ತು.

ಇದಕ್ಕೆ ಕಡಿವಾಣ ಹಾಕುವ ಮಾತು ಚುನಾವಣಾ ನೀತಿಸಂಹಿತೆಯಲ್ಲಿದೆ. ಆ ಸಂಹಿತೆ ಶುರುವಾಗಿದ್ದು 1960ರ ಕೇರಳ ವಿಧಾನಸಭಾ ಚುನಾವಣೆಯಲ್ಲಿ. ಆಮೇಲೆ ಚುನಾವಣಾ ಆಯೋಗ ಅದನ್ನು ಇಡೀ ದೇಶಕ್ಕೆ ತಂದಿತು. ಯಾರದ್ದೇ ಜಮೀನು, ಕಟ್ಟಡ, ಕಾಂಪೌಂಡ್ ಗೋಡೆಯ ಮೇಲೆ ಅವರ ಒಪ್ಪಿಗೆ ಇಲ್ಲದೆ ಬಾವುಟ ನೆಡಬಾರದು, ಬ್ಯಾನರ್ ಕಟ್ಟಬಾರದು, ಘೋಷಣೆ ಬರೆಯಬಾರದು ಎಂದು ಅದರಲ್ಲಿ ಸ್ಪಷ್ಟವಾಗಿದೆ. ಆದರೆ ಟಿ.ಎನ್. ಶೇಷನ್ ಮುಖ್ಯ ಆಯುಕ್ತರಾಗಿ ಬಂದ ಮೇಲೆಯೇ, ಅಂದರೆ 90ರ ದಶಕದಲ್ಲಿ, ಪಕ್ಷಗಳು ಇದಕ್ಕೆಲ್ಲ ಸ್ವಲ್ಪ ಹೆದರಲು ಶುರು ಮಾಡಿದ್ದು.

ಬೇಡ ಅನ್ನುವ ಹಕ್ಕು ಹೀಗೆ ಸಿಕ್ಕಿತು. ಸರಿ ಅನ್ನುವ ಹಕ್ಕಿನ ಕತೆಯೇ ಬೇರೆ, ಜಾಸ್ತಿ ಜನ ಎಡವುವುದೂ ಇಲ್ಲೇ. ‘ನನ್ನ ಗೋಡೆ, ನನ್ನಿಷ್ಟ, ಬರೀರಿ’ ಅಂದುಬಿಟ್ಟರೆ ಮುಗಿಯಿತು ಅಂದುಕೊಳ್ಳುತ್ತಾರೆ. ಮುಗಿಯುವುದಿಲ್ಲ. ತೆರೆದ ಸ್ಥಳಗಳ ಅಂದಗೆಡಿಸುವುದನ್ನು ತಡೆಯಲು ಕರ್ನಾಟಕ 1981ರಲ್ಲಿ ಒಂದು ಕಾಯ್ದೆ ಮಾಡಿತು. ರಸ್ತೆಯಲ್ಲಿ ಹೋಗುವವರ ಕಣ್ಣಿಗೆ ಬೀಳುವ ಖಾಸಗಿ ಕಟ್ಟಡ, ಗೋಡೆ, ಬೇಲಿ, ಮರ ಎಲ್ಲವೂ ಅದರೊಳಗೆ ಬರುತ್ತವೆ. ಸ್ಥಳೀಯ ಸಂಸ್ಥೆಯ ಲಿಖಿತ ಅನುಮತಿ ಇಲ್ಲದೆ ಜಾಹೀರಾತು ಹಾಕಿದರೆ ಆರು ತಿಂಗಳವರೆಗೆ ಜೈಲು, ಇಲ್ಲವೇ ಸಾವಿರ ರೂಪಾಯಿವರೆಗೆ ದಂಡ, ಇಲ್ಲವೇ ಎರಡೂ. ಗೋಡೆ ನಿಮ್ಮದೇ ಇರಬಹುದು, ಅದರ ನೋಟ ಊರಿಗೆ ಸೇರಿದ್ದು ಎಂಬ ಲೆಕ್ಕ. ಸಾವಿರ ರೂಪಾಯಿಗೆ ಇವತ್ತು ಒಂದು ಒಳ್ಳೆ ಫ್ಲೆಕ್ಸೂ ಬರುವುದಿಲ್ಲ, ಅದು ಬೇರೆ ಮಾತು.

ಚುನಾವಣೆ ಹೊತ್ತಿನಲ್ಲಿ ಆಯೋಗದ ಸೂಚನೆಯೂ ಇದೇ ದಾರಿಯದು. ಸ್ಥಳೀಯ ಕಾನೂನು ಬೇಡ ಎಂದ ಕಡೆ ಮಾಲೀಕರು ಒಪ್ಪಿದರೂ ಗೋಡೆಬರಹ ಇಲ್ಲ. ಕಾನೂನು ಬಿಟ್ಟ ಕಡೆ ಮಾಲೀಕರ ಒಪ್ಪಿಗೆ ಬರಹದಲ್ಲಿ ಬೇಕು. ಅದರ ಪ್ರತಿ ಮೂರು ದಿನದೊಳಗೆ ಚುನಾವಣಾಧಿಕಾರಿಗೆ ತಲುಪಬೇಕು. ಬಾಯಿಮಾತಿನ ‘ಹೂಂ ಕಣಪ್ಪ’ ನಡೆಯುವುದಿಲ್ಲ.

ಅಮೆರಿಕದಲ್ಲಿ ಈ ಜಗಳ ಉಲ್ಟಾ ನಡೆಯಿತು. 1990ರಲ್ಲಿ ಮಿಸ್ಸೋರಿಯ ಲಡ್ಯೂ ಎಂಬ ಊರಿನಲ್ಲಿ ಮಾರ್ಗರೆಟ್ ಗಿಲಿಯೋ ಎಂಬಾಕೆ ಕೊಲ್ಲಿ ಯುದ್ಧ ಬೇಡವೆಂದು ತಮ್ಮ ಅಂಗಳದಲ್ಲಿ ಫಲಕ ನೆಟ್ಟರು. ಊರಿನ ನಿಯಮ ಅಡ್ಡ ಬಂತು. 1994ರಲ್ಲಿ ಸುಪ್ರೀಂ ಕೋರ್ಟ್ ಒಮ್ಮತದಿಂದ ಆಕೆಯ ಪರ ತೀರ್ಪು ಕೊಟ್ಟಿತು. ಅಲ್ಲಿ ಮನೆಯೊಡತಿಯ ಮಾತಿಗೆ ಜಾಗ ಬೇಕಿತ್ತು. ನಮ್ಮಲ್ಲಿ ಬೇರೆಯವರ ಮಾತನ್ನು ತಂದು ನಮ್ಮ ಮನೆಗೆ ಅಂಟಿಸುತ್ತಾರೆ.

ಟೆರೇಸ್ ಮೇಲೆ ಕಬ್ಬಿಣದ ಚೌಕಟ್ಟು ನಿಲ್ಲಿಸಲು ಏಜೆನ್ಸಿಗೆ ಬಾಡಿಗೆ ಕೊಟ್ಟವರ ಕತೆ ಇನ್ನೊಂದು. ಇವತ್ತು ಸೀರೆ ಅಂಗಡಿ, ನಾಳೆ ಅಭ್ಯರ್ಥಿ. ರಾಜಕೀಯ ಜಾಹೀರಾತು ಬೇಡ ಎಂದು ಕರಾರಿನಲ್ಲಿ ಬರೆಸದಿದ್ದರೆ ಆಮೇಲೆ ಗೊಣಗಿ ಪ್ರಯೋಜನವಿಲ್ಲ.

ಬೆಂಗಳೂರಿನಲ್ಲಿ 2018ರ ಆಗಸ್ಟ್‌ನಲ್ಲಿ ಹೈಕೋರ್ಟ್ ಗದರಿದ ಮೇಲೆ ಪಾಲಿಕೆ ರಾತ್ರಿ ಹಗಲು ಫ್ಲೆಕ್ಸ್ ಕಿತ್ತಿತು. ಒಂದು ವರ್ಷ ಜಾಹೀರಾತು ಫಲಕಗಳೇ ಬೇಡ ಎಂದು ನಿರ್ಣಯವನ್ನೂ ಮಾಡಿತು. ಊರು ಕೆಲವು ದಿನ ಬೋಳು ಬೋಳಾಗಿ, ಚೆನ್ನಾಗಿಯೇ ಕಂಡಿತು. ಹಬ್ಬ, ಹುಟ್ಟುಹಬ್ಬ ಬಂದ ಹಾಗೆ ಮರಿ ನಾಯಕರೂ ಒಬ್ಬೊಬ್ಬರಾಗಿ ವಾಪಸ್ ಬಂದರು.

ಹಳೇ ಗೋಡೆಗಳದ್ದು ಮಾತ್ರ ಬೇರೆ ಹಟ. ನೀತಿಸಂಹಿತೆ ಬಂತು ಎಂದು ಚಿಹ್ನೆಯ ಮೇಲೆ ತೆಳ್ಳಗೆ ಸುಣ್ಣ ಬಳಿದು ಹೋಗುತ್ತಾರೆ. ಎರಡು ಮಳೆ ಬಿದ್ದರೆ ಸುಣ್ಣ ಇಳಿದು ಹಳೇ ಚಿಹ್ನೆ ಮತ್ತೆ ಇಣುಕುತ್ತದೆ. ಬಣ್ಣ ಹೊಡೆಸುವ ಖರ್ಚು ಮನೆಯವರದ್ದೇ.